ಸ್ಟೇಟ್ ಕಡತವನ್ನು ಇಡುತ್ತೀರೋ ತೆಗೆಯುತ್ತೀರೋ, ಹೇಳಿಬಿಡಿ: ಲಿನಕ್ಸ್ ಕರ್ನಲ್‌ನ ವೈರ್‌ಲೆಸ್ ನಿರ್ವಾಹಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಲಿನಕ್ಸ್ ಕರ್ನಲ್‌ನ, ಅಂದರೆ ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ, ದಾಖಲೆಗಳೊಳಗೆ ಎಬಿಐ ಎಂಬ ಫೋಲ್ಡರ್ ಇದೆ. ಅದರಲ್ಲಿ ನಾಲ್ಕು ವಿಭಾಗ: ಸ್ಟೇಬಲ್, ಟೆಸ್ಟಿಂಗ್, ಆಬ್ಸಲೀಟ್, ರಿಮೂವ್ಡ್. ಕರ್ನಲ್ ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಮಾತು ಬರಹದಲ್ಲಿ ಇರುವುದು ಅಲ್ಲಿ. ಸ್ಟೇಬಲ್ ವಿಭಾಗದಲ್ಲಿ ವೈಫೈ, ಬ್ಲೂಟೂತ್‌ನಂಥ ರೇಡಿಯೋಗಳ ಸ್ವಿಚ್‌ಗಳ ಬಗ್ಗೆ, ಅಂದರೆ ನಿಮ್ಮ ಆರ್‌ಎಫ್‌ಕಿಲ್ ಬಗ್ಗೆ, ಒಂದು ಪುಟವಿದೆ. ಆ ಪುಟದಲ್ಲಿ, ರೇಡಿಯೋಗೆ ತಡೆ ಇದೆಯೋ ಇಲ್ಲವೋ ಹೇಳುವ 'ಸ್ಟೇಟ್' ಕಡತದ ವಿವರಣೆ ಓದಿದರೆ ತಿಳಿಯುವುದು ಇಷ್ಟು: ಇದನ್ನು 2014ರಲ್ಲಿ ತೆಗೆಯಬೇಕೆಂದಿತ್ತು, ಬಳಸುವವರು ತುಂಬ ಜನ ಇರುವುದರಿಂದ ಇನ್ನಷ್ಟು ಕಾಲ ಉಳಿಯುತ್ತದೆ, ಸ್ಟೇಬಲ್ ಎಂಬ ಗುರುತಿದ್ದರೂ 'ಹಾರ್ಡ್' ಮತ್ತು 'ಸಾಫ್ಟ್' ಎಂಬ ಹೊಸ ಕಡತಗಳನ್ನೇ ಬಳಸುವುದು ಒಳ್ಳೆಯದು, ಮುಂದೆ ಇದನ್ನು ತೆಗೆಯುವ ಇನ್ನೊಂದು ಪ್ರಯತ್ನ ಬಹುಶಃ ಆಗಲಿದೆ.

ಮೇಲೆ ಸ್ಟೇಬಲ್ ಎಂಬ ಬೋರ್ಡು, ಕೆಳಗೆ ತೆಗೆಯುತ್ತೇವೆಂಬ ಸೂಚನೆ. ಎರಡನ್ನೂ ಒಂದೇ ಪುಟದಲ್ಲಿ ಓದಿದ ಪ್ರೋಗ್ರಾಮರ್ ಏನು ಮಾಡಬೇಕು? ಇದನ್ನು ಕೇಳುವುದಕ್ಕೇ ಈ ಪತ್ರ.

ವಿಷಯ ಗೊತ್ತಿಲ್ಲದ ಓದುಗರೂ ಇರುತ್ತಾರೆ, ಹಾಗಾಗಿ ಸ್ವಲ್ಪ ಹಿನ್ನೆಲೆ. ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಏರ್‌ಪ್ಲೇನ್ ಮೋಡ್ ಒತ್ತಿದಾಗ ವೈಫೈ, ಬ್ಲೂಟೂತ್, ಮೊಬೈಲ್ ಡೇಟಾ ಮೋಡೆಮ್ ಎಲ್ಲವೂ ಪ್ರಸಾರ ನಿಲ್ಲಿಸಬೇಕು. ಯಂತ್ರಾಂಶವನ್ನು ನಡೆಸುವ ಪ್ರತಿಯೊಂದು ಡ್ರೈವರ್ ತನಗೆ ತೋಚಿದ ಹಾಗೆ ಇದನ್ನು ಮಾಡಿದರೆ ಮೇಲಿನ ತಂತ್ರಾಂಶಕ್ಕೆ ಹುಚ್ಚು ಹಿಡಿಯುತ್ತದೆ. ಹಾಗಾಗಿ 2007ರಲ್ಲಿ, ಕರ್ನಲ್‌ನ 2.6.22ನೇ ಆವೃತ್ತಿಯಲ್ಲಿ, ಆರ್‌ಎಫ್‌ಕಿಲ್ ಎಂಬ ಒಂದೇ ವ್ಯವಸ್ಥೆ ಬಂತು. ಪ್ರತಿ ರೇಡಿಯೋಗೂ, ಕರ್ನಲ್‌ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್ ಒಳಗೆ ಒಂದು ಫೋಲ್ಡರ್, ಅದರಲ್ಲಿ ಹೆಸರು, ಬಗೆ, ಸ್ಥಿತಿ ತೋರಿಸುವ ಪುಟ್ಟ ಕಡತಗಳು. ಓದಲು ವಿಶೇಷ ಸಾಧನ ಏನೂ ಬೇಡ, ಟರ್ಮಿನಲ್ಲಿನಲ್ಲಿ ಕಡತ ತೋರಿಸುವ 'ಕ್ಯಾಟ್' ಆದೇಶವೊಂದು ಸಾಕು. ಈ ಸುಲಭವೇ ಮುಂದೆ ನಿಮಗೆ ತಲೆನೋವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ರೇಡಿಯೋವನ್ನು ತಡೆಯುವ ದಾರಿ ಎರಡು. ಸಾಫ್ಟ್ ತಡೆ ತಂತ್ರಾಂಶ ಹಾಕಿದ್ದು, ತಂತ್ರಾಂಶವೇ ತೆಗೆಯಬಹುದು. ಹಾರ್ಡ್ ತಡೆ ಯಂತ್ರದ ಪಕ್ಕದಲ್ಲಿರುವ ಸ್ವಿಚ್ಚಿನಿಂದಲೋ ಫರ್ಮ್‌ವೇರ್‌ನಿಂದಲೋ ಬಂದದ್ದು, ತಂತ್ರಾಂಶ ಎಷ್ಟು ಕೂಗಿದರೂ ಅದು ಕದಲುವುದಿಲ್ಲ. ಒಂದೇ ಬಾಗಿಲಿಗೆ ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ ಇದ್ದ ಹಾಗೆ. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಚಿಲಕ ಮಾತ್ರ ಇರಬಹುದು, ಬೀಗ ಮಾತ್ರ ಇರಬಹುದು, ಎರಡೂ ಇರಬಹುದು, ಎರಡೂ ಇಲ್ಲದಿರಬಹುದು. ಲೆಕ್ಕಕ್ಕೆ ನಾಲ್ಕು ಸ್ಥಿತಿ.

'ಸ್ಟೇಟ್' ಕಡತಕ್ಕೆ ಬರುವುದು ಮೂರೇ ಅಂಕಿ. 0 ಎಂದರೆ ಸಾಫ್ಟ್ ತಡೆ, 1 ಎಂದರೆ ತಡೆಯಿಲ್ಲ, 2 ಎಂದರೆ ಹಾರ್ಡ್ ತಡೆ. ಎರಡೂ ತಡೆ ಒಟ್ಟಿಗಿದ್ದರೆ? ಆಗಲೂ 2. ಅಂದರೆ 2 ಕಂಡಾಗ ಒಳಗಿನ ಚಿಲಕ ಹಾಕಿದೆಯೋ ಇಲ್ಲವೋ ಓದುವವನಿಗೆ ತಿಳಿಯುವ ದಾರಿಯೇ ಇಲ್ಲ.

ಓದುವಾಗ ಇಷ್ಟು ತೊಂದರೆಯಾದರೆ ಬರೆಯುವಾಗಿನದು ಇನ್ನೂ ವಿಚಿತ್ರ. ಹಾರ್ಡ್ ತಡೆ ಇರುವ ರೇಡಿಯೋದ 'ಸ್ಟೇಟ್'ಗೆ ಸ್ಕ್ರಿಪ್ಟೊಂದು 1 ಬರೆಯುತ್ತದೆ ಎಂದಿಟ್ಟುಕೊಳ್ಳಿ. ಕರ್ನಲ್ ಅದನ್ನು ಒಪ್ಪಿಕೊಳ್ಳುತ್ತದೆ, ದೋಷ ಹೇಳುವುದಿಲ್ಲ, ಸಾಫ್ಟ್ ತಡೆಯನ್ನು ತೆಗೆಯುತ್ತದೆ. ಮರುಕ್ಷಣ ಅದೇ ಕಡತ ಓದಿದರೆ 2. ಈಗ 0 ಬರೆಯಿರಿ. ಅದೂ ಒಪ್ಪಿಗೆ, ಸಾಫ್ಟ್ ತಡೆ ಮತ್ತೆ ಬೀಳುತ್ತದೆ, ಓದಿದರೆ ಮತ್ತೂ 2. ಬರೆದದ್ದು ಸೇರಿತೋ ಇಲ್ಲವೋ ಆ ಕಡತವೊಂದನ್ನೇ ನೋಡಿ ಹೇಳಲಾಗದು. ಬಳಕೆದಾರ ಪಕ್ಕದ ಸ್ವಿಚ್ಚನ್ನು ಸರಿಸಿದ ಮೇಲೆ ವೈಫೈ ಬರುತ್ತದೋ ಬರುವುದಿಲ್ಲವೋ ಅನ್ನುವುದು ಆ ಕಾಣದ ಸಾಫ್ಟ್ ತಡೆಯ ಬಿಟ್ ಮೇಲೆ ನಿಂತಿದೆ. 'ಸ್ವಿಚ್ ಆನ್ ಮಾಡಿದರೂ ವೈಫೈ ಬರುತ್ತಿಲ್ಲ' ಎಂಬ ಗೋಳಿನ ಹಿಂದೆ ಈ ಕಾಣದ ಬಿಟ್ ಇರಬಹುದು ಎಂದು ಸಹಾಯ ಮಾಡಲು ಕುಳಿತವರಿಗೂ ಹೊಳೆಯುವುದಿಲ್ಲ, ಏಕೆಂದರೆ ಅವರು ಓದಿ ನೋಡುವುದೂ ಅದೇ 'ಸ್ಟೇಟ್'.

ಈ ಕೊರತೆ ನಿಮಗೆ ಗೊತ್ತಾಗಲಿಲ್ಲ ಎಂದು ನಾನು ಹೇಳುತ್ತಿಲ್ಲ. 2009ರಲ್ಲಿ ಆರ್‌ಎಫ್‌ಕಿಲ್ ಅನ್ನು ಬುಡದಿಂದ ಮತ್ತೆ ಬರೆದಿರಿ, 2.6.31ರಲ್ಲಿ 'ಡೆವ್' ಫೋಲ್ಡರಿನ ಕೆಳಗೆ ಆರ್‌ಎಫ್‌ಕಿಲ್ ಎಂಬ ಕ್ಯಾರೆಕ್ಟರ್ ಡಿವೈಸ್, ಅಂದರೆ ಕರ್ನಲ್ ಜೊತೆ ಮಾತಾಡುವ ವಿಶೇಷ ಕಡತ, ಬಂತು. ತೆರೆದ ಕೂಡಲೇ ಯಂತ್ರದಲ್ಲಿ ಇರುವ ಎಲ್ಲ ರೇಡಿಯೋಗಳ ಪಟ್ಟಿಯನ್ನು ಒಂದೊಂದೇ ಘಟನೆಯಾಗಿ ಕೊಡುತ್ತದೆ, ಆಮೇಲೆ ಆಗುವ ಬದಲಾವಣೆಗಳನ್ನೂ ಅದೇ ದಾರಿಯಲ್ಲಿ ತಿಳಿಸುತ್ತದೆ. ಸಾಫ್ಟ್‌ಗೆ ಒಂದು ಬೈಟ್, ಹಾರ್ಡ್‌ಗೆ ಒಂದು ಬೈಟ್, ಗೊಂದಲವೇ ಇಲ್ಲ. 2010ರಲ್ಲಿ 2.6.34ರೊಂದಿಗೆ ಸಿಸ್‌ಎಫ್‌ಎಸ್‌ಗೂ 'ಸಾಫ್ಟ್', 'ಹಾರ್ಡ್' ಕಡತಗಳು ಬಂದವು. ವಿನ್ಯಾಸದ ಮಟ್ಟಿಗೆ ಸಮಸ್ಯೆ ಅಲ್ಲಿಗೇ ಮುಗಿದಿತ್ತು. ಮುಗಿಯದೆ ಉಳಿದದ್ದು ಹಳೆಯದನ್ನು ಬೀಳ್ಕೊಡುವ ಕೆಲಸ.

ರೇಡಿಯೋದ ಫೋಲ್ಡರಿನಲ್ಲಿ 'ಕ್ಲೇಮ್' ಎಂಬ ಇನ್ನೊಂದು ಹಳೆಯ ಕಡತವೂ ಇತ್ತು. ಅದರ ಕಥೆ ಇದಕ್ಕಿಂತ ಸರಳ. ಒಂದು ರೇಡಿಯೋದ ಹಿಡಿತವನ್ನು ಪ್ರೋಗ್ರಾಂ ತನ್ನ ಕೈಗೆ ತೆಗೆದುಕೊಳ್ಳಲಿ ಎಂದು ಅದನ್ನು ಮಾಡಿದ್ದು. ಮರುಬರಹದ ಮೇಲೆ ಬಿಡಿ ರೇಡಿಯೋವನ್ನು ಹಾಗೆ ಹಿಡಿಯುವ ಅವಕಾಶವೇ ಹೋಯಿತು. ಓದಿದರೆ ಯಾವಾಗಲೂ 0, ಬರೆದರೆ 'ಬೆಂಬಲವಿಲ್ಲ' ಎಂಬ ದೋಷ. ಹೀಗೆ ಸತ್ತು ಬಿದ್ದ ಕಡತವನ್ನು 2012ರಲ್ಲಿ ತೆಗೆಯುತ್ತೇವೆ ಎಂದು ಬರೆದು, ತೆಗೆದದ್ದು 2016ರಲ್ಲಿ. ಯಾರೂ ಬಳಸದ, ಬಳಸಿದರೂ ಏನೂ ಮಾಡದ ಕಡತಕ್ಕೇ ನಾಲ್ಕು ವರ್ಷ ತಡ! ಈಗ ಅದು ರಿಮೂವ್ಡ್ ವಿಭಾಗದಲ್ಲಿ, ಯಾವಾಗ ಬಂತು, ಏಕೆ ಹೋಯಿತು ಎಂಬ ವಿವರದೊಂದಿಗೆ ನೆಮ್ಮದಿಯಾಗಿದೆ. ಆ ದಾಖಲೆ ನನಗೆ ತುಂಬ ಇಷ್ಟ. ಹಳೆಯ ಕೋಡಿನಲ್ಲಿ ಆ ಹೆಸರು ಕಂಡವನು ಒಂದು ನಿಮಿಷದಲ್ಲಿ ಉತ್ತರ ಪಡೆಯುತ್ತಾನೆ.

ಅದೇ 2016ರಲ್ಲಿ 'ಸ್ಟೇಟ್' ಮಾತ್ರ ಆಬ್ಸಲೀಟ್ ವಿಭಾಗದಿಂದ ಹಿಂದಿರುಗಿ ಸ್ಟೇಬಲ್‌ಗೆ ಬಂತು. ಆ ನಿರ್ಧಾರ ಸರಿಯೇ. ಬಳಕೆದಾರರ ಪ್ರೋಗ್ರಾಂ ಮುರಿಯಬಾರದು ಎಂಬ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರ ನಿಯಮ ಎಲ್ಲರಿಗೂ ಗೊತ್ತು, 'ಸ್ಟೇಟ್' ಓದುವ ಪ್ರೋಗ್ರಾಂಗಳು ಆಗ ಬೇಕಾದಷ್ಟಿದ್ದವು, ಈಗಲೂ ಇವೆ. ನನ್ನ ತಕರಾರು ಕಡತ ಉಳಿದದ್ದಕ್ಕಲ್ಲ. ಉಳಿಸಿದ ಮೇಲೂ ಅದರ ತಲೆಯ ಮೇಲೆ ತೂಗುಬಿಟ್ಟ ಆ 'ಬಹುಶಃ'ಕ್ಕೆ.

ದಿನಾಂಕ ಕೊಟ್ಟು ಮರೆಯುವ ಅಭ್ಯಾಸ ನಿಮ್ಮೊಬ್ಬರದಲ್ಲ, ಇಡೀ ಕರ್ನಲ್ ಮನೆತನದ್ದು. ಹಿಂದೆ ತೆಗೆಯಬೇಕಾದ ಸೌಲಭ್ಯಗಳಿಗೆಲ್ಲ ಒಂದೇ ವೇಳಾಪಟ್ಟಿ ಕಡತವಿತ್ತು. 'ಕ್ಲೇಮ್'ಗೆ 2012, 'ಸ್ಟೇಟ್'ಗೆ 2014 ಎಂಬ ಗಡುವುಗಳು ಅಲ್ಲಿಯೂ ಇದ್ದವು. 2012ರಲ್ಲಿ ಆ ವೇಳಾಪಟ್ಟಿಯೇ ಹೊರಟುಹೋಯಿತು. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳ ಡ್ರೈವರಿನ ದಾಖಲೆ ತೆರೆದು ನೋಡಿ. ಬ್ಲೂಟೂತ್ ಆನ್-ಆಫ್ ಮಾಡುವ ಹಳೆಯ ಕಡತದ ಬಗ್ಗೆ ಬರೆಯುತ್ತ, ಆರ್‌ಎಫ್‌ಕಿಲ್ ಬಂದ ಮೇಲೆ ಇದು ಡೆಪ್ರಿಕೇಟೆಡ್ (ಬಳಕೆ ಬಿಡಬೇಕಾದದ್ದು), 2010ರಲ್ಲಿ ತೆಗೆಯಲಾಗುವುದು ಎಂದಿದ್ದಾರೆ. 2010 ಹೋಯಿತು, ಅದಾಗಿ ಎಷ್ಟೋ ಆವೃತ್ತಿಗಳು ಹೋದವು, ಆ ಸಾಲು ಕದಲಲಿಲ್ಲ. ಮೀರಿದ ಗಡುವನ್ನು ಓದಿ ಓದಿ ರೂಢಿಯಾದವರು ಮುಂದಿನ ಗಡುವನ್ನು ನಂಬುವುದಿಲ್ಲ. ನಾಳೆ ನೀವು ನಿಜಕ್ಕೂ ತೆಗೆಯಲು ಹೊರಟಾಗ ಅವರು ಕಿವಿಗೊಡುವುದಿಲ್ಲ, ಆಮೇಲೆ ಪ್ರೋಗ್ರಾಂ ಮುರಿದಾಗ ಬೈಯುವುದು ನಿಮ್ಮನ್ನೇ.

ಈಗ ಆ 'ಕ್ಯಾಟ್' ಮಾತಿಗೆ ಬರೋಣ. 'ಡೆವ್' ಕೆಳಗಿನ ದಾರಿ ಎಷ್ಟೇ ಚೆನ್ನಾಗಿರಲಿ, ಅದರಿಂದ ಬರುವುದು ಬೈಟುಗಳ ಕಟ್ಟು. ಶೆಲ್ ಸ್ಕ್ರಿಪ್ಟ್ ಬರೆಯುವವನು ಅತ್ತ ತಲೆ ಹಾಕುವುದಿಲ್ಲ. ಕಡತದಲ್ಲಿ ಒಂದು ಅಂಕಿ ಕಂಡರೆ ಅದನ್ನೇ ಓದುತ್ತಾನೆ, ಕೆಲಸವಾಯಿತು ಎಂದು ಎದ್ದು ಹೋಗುತ್ತಾನೆ. ಅಷ್ಟೇ ಅಲ್ಲ, 'ಆರ್‌ಎಫ್‌ಕಿಲ್0' ಎಂದು ಫೋಲ್ಡರಿನ ಅಂಕಿಯನ್ನೂ ಸ್ಕ್ರಿಪ್ಟಿನೊಳಗೆ ಕೆತ್ತಿಬಿಡುತ್ತಾನೆ. ಡ್ರೈವರ್ ಒಮ್ಮೆ ತೆಗೆದು ಹಾಕಿದರೆ ಆ ಅಂಕಿ ಮುಂದಕ್ಕೆ ಹೋಗುತ್ತದೆ, ಹಳೆಯದು ವಾಪಸ್ ಬರುವುದಿಲ್ಲ, ಹೆಸರು ಮತ್ತು ಬಗೆ ನೋಡಿಯೇ ರೇಡಿಯೋ ಗುರುತಿಸಬೇಕು ಎನ್ನುವುದು ಅವನಿಗೆ ಯಾರೂ ಹೇಳಿದ್ದಲ್ಲ. ನಿಮ್ಮ ಪುಟ ಹೇಳುವುದು ಅಂಕಿ ಸೊನ್ನೆಯೋ ಅದಕ್ಕಿಂತ ದೊಡ್ಡದೋ ಆಗಿರುತ್ತದೆ ಎಂದಷ್ಟೇ. ಅತಿ ಸುಲಭವಾಗಿ ಕೈಗೆ ಸಿಗುವ ಇಂಟರ್‌ಫೇಸಿನ ದಾಖಲೆಯೇ ಅತಿ ಕಟ್ಟುನಿಟ್ಟಾಗಿ ಇರಬೇಕಿತ್ತು. ಇಲ್ಲಿ ಉಲ್ಟಾ ಆಗಿದೆ: ಕಷ್ಟದ ದಾರಿಗೆ ಒಳ್ಳೆಯ ವಿವರಣೆ, ಎಲ್ಲರೂ ತುಳಿಯುವ ದಾರಿಗೆ ಎರಡು ಸಾಲು.

ಹೊಸ ದಾರಿಯೂ ನಿರಪಾಯವೇನಲ್ಲ ಎನ್ನುವುದಕ್ಕೆ 2021ರ ಪ್ರಸಂಗವೊಂದಿದೆ. ಹಾರ್ಡ್ ತಡೆಗೆ ಕಾರಣವೇನು ಎಂದು ತಿಳಿಸಲು, ಅಂದರೆ ಸ್ವಿಚ್ಚಿನಿಂದ ಬಂದದ್ದೋ ಅಥವಾ ರೇಡಿಯೋ ಆ ಹೊತ್ತಿಗೆ ಕರ್ನಲ್ ಕೈಯಲ್ಲೇ ಇಲ್ಲವೋ ಎಂದು ಹೇಳಲು, ಘಟನೆಯ ಕಟ್ಟಿಗೆ ಒಂದು ಬೈಟ್ ಸೇರಿಸಿದಿರಿ. 8 ಬೈಟ್ ಇದ್ದದ್ದು 9 ಆಯಿತು. ಹೆಚ್ಚು ಬಂದರೆ ಕಡೆಗಣಿಸಬೇಕು, ಕರ್ನಲ್ ಕಡಿಮೆ ಸ್ವೀಕರಿಸಿದರೆ ಒಪ್ಪಬೇಕು ಎಂಬುದು ನಿಮ್ಮ ಮನಸ್ಸಿನಲ್ಲಿದ್ದ ಕರಾರು. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಯನ್ನು ಹಾಗೆ ಬರೆದಿರಲಿಲ್ಲ. ಆ ಕಟ್ಟಿನ ರಚನೆ ಬರೆದಿರುವ ಹೊಸ ಹೆಡರ್ ಕಡತದೊಂದಿಗೆ ಮತ್ತೆ ಕಂಪೈಲ್ ಮಾಡಿದಾಗ ಅದು ಹೊಸ ಕರ್ನಲ್ ಮೇಲೆ ಓದುವಾಗ '8 ಅಲ್ಲವಲ್ಲ' ಎಂದು ದೂರಿತು, ಹಳೆಯ ಕರ್ನಲ್ ಮೇಲೆ ಬರೆಯುವಾಗ 'ಪೂರ್ತಿ ಹೋಗಲಿಲ್ಲ' ಎಂದು ಕೈಚೆಲ್ಲಿತು. ಎರಡೂ ಕಡೆ ಪೆಟ್ಟು. ನೀವು ಹಳೆಯ ರಚನೆಯನ್ನು 8 ಬೈಟಿಗೇ ವಾಪಸ್ ತಂದು, ದೊಡ್ಡದಕ್ಕೆ ಬೇರೆ ಹೆಸರು ಕೊಟ್ಟು, ಬೇಕಾದವರು ಮಾತ್ರ ಅದನ್ನು ಬಳಸಲಿ ಎಂದಿರಿ. ಆ ಹಿಂದೆಗೆತಕ್ಕೆ ಹ್ಯಾಟ್ಸಾಫ್. ಆದರೆ ಸಿಸ್ಟಂಡಿಯಂಥ ದೊಡ್ಡ ಯೋಜನೆಗೇ ಆ ಕರಾರು ತಲುಪಿರಲಿಲ್ಲ ಎಂದ ಮೇಲೆ ಒಬ್ಬನೇ ಕುಳಿತು ಪ್ರೋಗ್ರಾಂ ಬರೆಯುವವನ ಗತಿ ಏನು?

ಇಲ್ಲಿಯವರೆಗೆ ದೂರು. ಕೇಳುವುದು ಏನೆಂದೂ ಹೇಳಬೇಕಲ್ಲ.

'ಸ್ಟೇಟ್' ಅನ್ನು ತೆಗೆಯಬೇಡಿ. ಅದನ್ನು ನಡೆಸಲು ಬೇಕಾದ ಕೋಡ್ ಕೆಲವೇ ಸಾಲು: ಹಾರ್ಡ್ ಇದ್ದರೆ 2, ಇಲ್ಲದೆ ಸಾಫ್ಟ್ ಇದ್ದರೆ 0, ಯಾವುದೂ ಇಲ್ಲದಿದ್ದರೆ 1. ಅದನ್ನು ಉಳಿಸುವ ಖರ್ಚು ತೆಗೆದಾಗ ಆಗುವ ರಗಳೆಗಿಂತ ಎಷ್ಟೋ ಕಡಿಮೆ. ಇನ್ನೊಂದು ಮಾತು, ಇದನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ರೇಡಿಯೋದ ಸ್ಥಿತಿ ಬದಲಾದಾಗ ಕರ್ನಲ್ ಯುಇವೆಂಟ್ ಎಂಬ ಸಂದೇಶದ ಮೂಲಕ ಪ್ರೋಗ್ರಾಂಗಳಿಗೆ ಸುದ್ದಿ ಕಳಿಸುತ್ತದೆ. ಅದರೊಳಗಿನ 'ಆರ್‌ಎಫ್‌ಕಿಲ್ ಸ್ಟೇಟ್' ಎಂಬ ಚರಾಂಶದಲ್ಲಿಯೂ ಇರುವುದು ಅವೇ ಮೂರು ಅಂಕಿ. ಕಡತವನ್ನು ಅಳಿಸಿದರೂ ಆ ಅರ್ಧಸತ್ಯ ಯುಇವೆಂಟಿನಲ್ಲಿ ಓಡಾಡುತ್ತಲೇ ಇರುತ್ತದೆ. ಹಾಗಿದ್ದಾಗ ಕಡತ ತೆಗೆದು ಗೆದ್ದದ್ದೇನು?

ಹಾಗಾಗಿ ಪುಟದಿಂದ 'ಇನ್ನೊಂದು ಪ್ರಯತ್ನ ಆಗಬಹುದು' ಎಂಬ ಸಾಲನ್ನು ಕಿತ್ತುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ಈ ಕಡತ ಇರುತ್ತದೆ, ಆದರೆ ಹೆಪ್ಪುಗಟ್ಟಿದೆ, ಹೊಸದೇನೂ ಸೇರುವುದಿಲ್ಲ. ಕೆಳಗೆ ನಾಲ್ಕು ಸ್ಥಿತಿಗಳ ಕೋಷ್ಟಕ ಕೊಡಿ, ಯಾವ ಸ್ಥಿತಿಗೆ ಯಾವ ಅಂಕಿ, ಯಾವ ಎರಡು ಸ್ಥಿತಿ ಒಂದೇ ಅಂಕಿಗೆ ಬೀಳುತ್ತವೆ ಎಂದು. ಹಾರ್ಡ್ ತಡೆ ಇರುವಾಗ ಬರೆದರೆ ಏನಾಗುತ್ತದೆ ಎಂದು ಹೇಳಿ. ಯುಇವೆಂಟಿಗೂ ಇದೇ ಮಿತಿ ಎಂದು ಸೇರಿಸಿ. ಈಗಿನ ಪುಟದಲ್ಲಿ ಎರಡೂ ತಡೆಗಳನ್ನು ಒಟ್ಟಿಗೆ ತೋರಿಸಲಾಗದು ಎಂಬ ಒಂದು ವಾಕ್ಯವಿದೆ, ಅಷ್ಟೇ. ಅದರ ಪರಿಣಾಮ ಏನು ಎಂದು ಓದುವವನೇ ಕುಳಿತು ಲೆಕ್ಕ ಹಾಕಬೇಕು, ಹಾಕುವವರು ಕಡಿಮೆ.

ತೆಗೆಯಲೇಬೇಕು ಎನ್ನುವುದು ನಿಮ್ಮ ಹಟವಾದರೆ, ಮೊದಲು ಸದ್ದು ಮಾಡಿ. ದಾರಿ ನಿಮ್ಮ ಮನೆಯಲ್ಲೇ ಇದೆ. ವೈರ್‌ಲೆಸ್ ಎಕ್ಸ್‌ಟೆನ್ಶನ್ಸ್ ಎಂಬ ಹಳೆಯ ಇಂಟರ್‌ಫೇಸನ್ನು ಬಿಡಿಸಲು 2023ರಲ್ಲಿ ಒಂದು ಎಚ್ಚರಿಕೆ ಸೇರಿಸಿದಿರಿ. ಯಾವ ಪ್ರೋಗ್ರಾಂ ಅದನ್ನು ಬಳಸುತ್ತಿದೆಯೋ ಅದರ ಹೆಸರನ್ನೇ ಕರ್ನಲ್ ಲಾಗಿನಲ್ಲಿ ಬರೆದು, ವೈಫೈ 7 ಯಂತ್ರಾಂಶದಲ್ಲಿ ಇದು ನಡೆಯುವುದಿಲ್ಲ, ಎನ್‌ಎಲ್80211 ಬಳಸಿ ಎಂದು ಹೇಳುತ್ತದೆ. ಅದರಲ್ಲಿ ಎಷ್ಟು ಅಂಶ ಸರಿಯಾಗಿದೆ ನೋಡಿ: ತಪ್ಪಿತಸ್ಥ ಪ್ರೋಗ್ರಾಮಿನ ಹೆಸರಿದೆ, ಬದಲಿ ಯಾವುದೆಂದು ಇದೆ, ಯಾವಾಗ ಮುರಿಯುತ್ತದೆ ಎಂಬುದನ್ನು ದಿನಾಂಕದಲ್ಲಲ್ಲ, ಯಂತ್ರಾಂಶದ ಪೀಳಿಗೆಯಲ್ಲಿ ಹೇಳಿದೆ. ಅದು ಜಾರಿಹೋಗುವ ಗಡುವಲ್ಲ. ಕೆಲವರು ಲಾಗ್ ಗಲೀಜಾಯಿತು ಎಂದು ಗೊಣಗುತ್ತಾರೆ, ಗೊಣಗಲಿ. ಗೊಣಗಿದವರು ಕೊನೆಗೆ ಆಯಾ ಪ್ರೋಗ್ರಾಮಿನವರಿಗೆ ಹೋಗಿ ದೂರು ಕೊಡುತ್ತಾರೆ, ಬೇಕಾದದ್ದೂ ಅದೇ. 'ಸ್ಟೇಟ್' ಓದಿದಾಗಲೂ ಹೀಗೊಂದು ಸಾಲು ಬರಲಿ, ಒಂದೆರಡು ವರ್ಷ ಓಡಲಿ, ಆಗ ಯಾರು ಉಳಿದಿದ್ದಾರೆ ಎಂದು ನಿಮಗೇ ಕಾಣುತ್ತದೆ. ಎಬಿಐ ದಾಖಲೆಗಳ ನಮೂನೆಯಲ್ಲಿ 'ಬಳಕೆದಾರರು' ಎಂಬ ಅಂಕಣ ಮೊದಲಿನಿಂದಲೂ ಇದೆ, ಬದಲಾದರೆ ಯಾರಿಗೆ ತಿಳಿಸಬೇಕು ಎಂದು ಗುರುತು ಹಾಕಿಕೊಳ್ಳಲು. ಆರ್‌ಎಫ್‌ಕಿಲ್ ಪುಟದಲ್ಲಿ ಅದು ಇಲ್ಲ. ಬಳಸುವವರು ಬಹಳ ಜನ ಎಂದು ಒಂದು ಕಡೆ ಬರೆದು, ಅವರ ಪಟ್ಟಿಯನ್ನು ಎಲ್ಲೂ ಬರೆದಿಲ್ಲ.

ಡಿಸ್ಟ್ರೋ, ಅಂದರೆ ಬಳಸಲು ಸಿದ್ಧವಾದ ಲಿನಕ್ಸ್ ವಿತರಣೆ, ಕಟ್ಟುವವರಿಗೂ ಒಂದು ಮಾತು. ಈ ಕೆಲಸದ ಅರ್ಧ ನಿಮ್ಮದು. ನಿಮ್ಮ ಪ್ಯಾಕೇಜುಗಳ ಸ್ಕ್ರಿಪ್ಟುಗಳಲ್ಲಿ 'ಸ್ಟೇಟ್' ಎಂದು ಹುಡುಕಿ ನೋಡಿ. ಹೊಸದು ಕಷ್ಟ ಎನ್ನುವ ನೆಪ ಈಗ ಇಲ್ಲ: ಆರ್‌ಎಫ್‌ಕಿಲ್ ಹೆಸರಿನ ಆದೇಶವೇ 2017ರಿಂದ, ಯುಟಿಲ್-ಲಿನಕ್ಸ್ ಎಂಬ ಮೂಲ ಸಾಧನಗಳ ಕಟ್ಟಿನ 2.31ನೇ ಆವೃತ್ತಿಯಿಂದ, ಅದರ ಭಾಗವಾಗಿದೆ, ಸಾಫ್ಟ್ ಮತ್ತು ಹಾರ್ಡ್ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ತೋರಿಸುತ್ತದೆ. ಸ್ಕ್ರಿಪ್ಟಿಗೆ ಅಷ್ಟು ಸಾಕು.

ಮತ್ತೊಂದು ಸಂಗತಿ ದಾಖಲೆಗೆ ಸೇರಬೇಕು, ಚಿಕ್ಕದಾದರೂ ದಿನವೂ ಕಾಡುವಂಥದ್ದು. ಕೀಬೋರ್ಡಿನ ಏರ್‌ಪ್ಲೇನ್ ಕೀ ಒತ್ತಿದರೆ ಕರ್ನಲ್ ತಾನೇ ಅದನ್ನು ನಿಭಾಯಿಸುವ ಏರ್ಪಾಡಿದೆ. ಡೆಸ್ಕ್‌ಟಾಪ್ ಪರಿಸರವೂ ಅದೇ ಕೀಗೆ ಕಾದಿದ್ದರೆ ಒಂದು ಒತ್ತಿಗೆ ಎರಡು ಬಾರಿ ತಿರುವು, ರೇಡಿಯೋ ಆಫ್ ಆಗಿ ಕೂಡಲೇ ಆನ್. ಇದನ್ನು ತಪ್ಪಿಸಲು 'ಡೆವ್' ಕೆಳಗಿನ ಕಡತ ತೆರೆದು ಒಂದು ಐಆಕ್ಟಲ್ ಕರೆ (ಕರ್ನಲ್‌ಗೆ ಕೊಡುವ ವಿಶೇಷ ಸೂಚನೆ) ಮಾಡಿದರೆ ಕರ್ನಲ್ ಕೀಯಿಂದ ಕೈ ತೆಗೆಯುತ್ತದೆ. ಕಡತ ಮುಚ್ಚಿದರೆ, ಅಥವಾ ಆ ಪ್ರೋಗ್ರಾಂ ಸತ್ತರೆ, ಕರ್ನಲ್ ಮತ್ತೆ ಹೊಣೆ ಹೊರುತ್ತದೆ. ಯಾವತ್ತೂ ಯಾರೋ ಒಬ್ಬರ ಕೈಯಲ್ಲಿ ಕೀ ಇದ್ದೇ ಇರುತ್ತದೆ. ಬಹಳ ಅಚ್ಚುಕಟ್ಟಾದ ವಿನ್ಯಾಸ ಇದು, ಎಂಥವರೂ ಮೆಚ್ಚಬೇಕು. 'ಕ್ಲೇಮ್' ಮಾಡಬೇಕೆಂದಿದ್ದ ಕೆಲಸದ ಒಳ್ಳೆಯ ಪಾಲು ಇಲ್ಲಿ ಉಳಿದುಕೊಂಡಿದೆ. ಆದರೆ 'ಕ್ಲೇಮ್' ಹೋಯಿತು ಎಂದು ರಿಮೂವ್ಡ್ ಪುಟದಲ್ಲಿ ಓದಿದವನಿಗೆ ಇತ್ತ ಕೈ ತೋರಿಸುವ ಸಾಲು ಅಲ್ಲಿ ಇಲ್ಲ. ಒಂದು ಸಾಲು ಸಾಕು.

ಹಳೆಯದನ್ನೆಲ್ಲ ಇಟ್ಟುಕೊಂಡರೆ ಕಸ ತುಂಬುತ್ತದೆ ಎನ್ನುವವರಿಗೆ ನಿಮ್ಮ ಹೆಡರ್ ಕಡತದಲ್ಲೇ ಉತ್ತರವಿದೆ. ರೇಡಿಯೋ ಬಗೆಗಳ ಪಟ್ಟಿಯಲ್ಲಿ ವೈಮ್ಯಾಕ್ಸ್ ಇನ್ನೂ ಇದೆ, ಅಲ್ಟ್ರಾವೈಡ್‌ಬ್ಯಾಂಡ್ ಕೂಡ ಇದೆ. ಅವೆರಡರ ಡ್ರೈವರುಗಳನ್ನೂ ಕರ್ನಲ್‌ನಿಂದ ಹೊರಹಾಕಿ ವರ್ಷಗಳಾದವು. ಆ ಅಂಕಿಗಳನ್ನು ಬೇರೆಯದಕ್ಕೆ ಕೊಟ್ಟರೆ ಹಳೆಯ ಪ್ರೋಗ್ರಾಂ ಹೊಸ ರೇಡಿಯೋವನ್ನು ವೈಮ್ಯಾಕ್ಸ್ ಎಂದು ಕರೆಯುತ್ತದೆ, ಹಾಗಾಗಿ ಇಟ್ಟುಕೊಂಡಿದ್ದೀರಿ, ಯಾರಿಗೂ ಅದು ಭಾರವಾಗಿಲ್ಲ. ಯಾರೂ ಆ ಸಾಲುಗಳ ಪಕ್ಕ 'ಬಹುಶಃ ತೆಗೆಯುತ್ತೇವೆ' ಎಂದು ಬರೆದಿಲ್ಲ. 'ಸ್ಟೇಟ್'ಗೂ ಅದೇ ನ್ಯಾಯ ಸಿಗಲಿ.

ಸ್ಟೇಬಲ್ ವಿಭಾಗದ ಇಂಟರ್‌ಫೇಸುಗಳಿಗೆ ಕನಿಷ್ಠ ಎರಡು ವರ್ಷ ಹಿಂದಿನ ಹೊಂದಾಣಿಕೆಯ ಖಾತರಿ ಎಂದು ಎಬಿಐ ಫೋಲ್ಡರಿನ ಪರಿಚಯ ಕಡತ ಹೇಳುತ್ತದೆ. 'ಸ್ಟೇಟ್' ಅಲ್ಲಿಗೆ ಮರಳಿ ಆ ಎರಡು ವರ್ಷಗಳು ಹಲವು ಬಾರಿ ತುಂಬಿವೆ. ಮುಂದಿನ ಮರ್ಜ್ ವಿಂಡೋ (ಹೊಸ ಬದಲಾವಣೆಗಳನ್ನು ಕರ್ನಲ್‌ಗೆ ಸೇರಿಸಿಕೊಳ್ಳುವ ಅವಧಿ) ತೆರೆಯುವ ಮುನ್ನ, ಕೋಡ್ ಮುಟ್ಟದೆ, ಆ ಒಂದು ಪುಟವನ್ನು ತಿದ್ದುವ ಪ್ಯಾಚ್ ಬಂದರೆ ದಯವಿಟ್ಟು ಒಪ್ಪಿಕೊಳ್ಳಿ. ಕೋಷ್ಟಕ, ಯುಇವೆಂಟಿನ ಮಿತಿ, ಫೋಲ್ಡರ್ ಅಂಕಿಯನ್ನು ನಂಬಬೇಡಿ ಎಂಬ ಎಚ್ಚರಿಕೆ, ಇಷ್ಟನ್ನು ನಾನೇ ಬರೆದು ಕಳಿಸಬಲ್ಲೆ. ಇಡುತ್ತೀರೋ ತೆಗೆಯುತ್ತೀರೋ ಎಂಬ ಒಂದು ವಾಕ್ಯವನ್ನು ಮಾತ್ರ ನೀವೇ ಬರೆಯಬೇಕು.

ಇಂತಿ,
ಆರ್‌ಎಫ್‌ಕಿಲ್ ಬಳಸಿ ಪ್ರೋಗ್ರಾಂ ಬರೆಯುವ ಒಬ್ಬ